ಅರಿಶಿನದ ನೀರು

ಒಂಬತ್ತನೆಯ ಕಂತು

ಹಗ್ಗದ ಮೇಲೆ ಎರಡು ಟವೆಲು ಒಣಗುತ್ತಿದ್ದವು. ಒಂದರ ಅಂಚೆಲ್ಲ ಕೆಂಪು. ಇನ್ನೊಂದು ಅಚ್ಚ ಬಿಳಿ.

ರಾಜೇಶ್ವರಿ ಕೆಂಪಗಿದ್ದುದನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದಳು. ರಕ್ತವಲ್ಲ. ರಕ್ತದ ಕಲೆ ಒಗೆದಷ್ಟೂ ಕಂದು ಬಣ್ಣಕ್ಕೆ ತಿರುಗುತ್ತದೆ. ಹಲಸೂರು ಠಾಣೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದ ಹನ್ನೊಂದು ವರ್ಷಗಳಲ್ಲಿ ಅಂಥ ಬಟ್ಟೆಗಳನ್ನು ಅವಳು ಸಾಕಷ್ಟು ಕಂಡಿದ್ದಳು. ಇದು ಇಟ್ಟಿಗೆಗೂ ಕಿತ್ತಳೆಗೂ ನಡುವಿನ ಬಣ್ಣ. ಒಗೆದು ಒಗೆದು ದಾರ ಸವೆದಿತ್ತು, ಬಣ್ಣ ಮಾತ್ರ ಬಿಟ್ಟಿರಲಿಲ್ಲ.

“ಇದು ಏನು ಕಲೆ, ಜಟ್ಟೆಮ್ಮ?”

ಹೊಸ್ತಿಲ ಮೇಲೆ ಕೂತಿದ್ದ ಜಟ್ಟೆಮ್ಮ ಮಡಿಲಲ್ಲಿದ್ದ ಕೂಸನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಬೆಳಿಗ್ಗೆಯಿಂದ ಕೇಳಿದ ಮೂರು ಪ್ರಶ್ನೆಗೂ ಅವಳದು ಒಂದೇ ಉತ್ತರವಾಗಿತ್ತು. ಈಗಲೂ ಅದನ್ನೇ ಹೇಳಿದಳು.

“ಗೊತ್ತಿಲ್ರಿ.”

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಕೂಸಿನ ಮುಖಕ್ಕೆ ತಾಗದಿರಲೆಂದು ಗೋಡೆಯ ಕಡೆ ತಿರುಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಬೆನ್ನಿನ ಎಲುಬುಗಳು ರವಿಕೆಯೊಳಗಿಂದ ಒಂದೊಂದಾಗಿ ಎದ್ದು ಕಂಡವು.

ನರ್ಸ್ ಭೀಮಬಾಯಿಯನ್ನು ಹುಡುಕಿಕೊಡಲು ಅವಳ ಆಫೀಸಿನವರು ರಾಜೇಶ್ವರಿಯನ್ನು ಕರೆಸಿದ್ದರು. ಭೀಮಬಾಯಿ ಕಾಣೆಯಾಗಿ ಇಂದಿಗೆ ನಾಲ್ಕು ದಿನ. ಶುಕ್ರವಾರ ಬೆಳಿಗ್ಗೆ ಅವಳು ಕೊನೆಯದಾಗಿ ಕಾಲಿಟ್ಟದ್ದು ಕೆ.ಆರ್. ಪುರದ ರೈಲು ಹಳಿಯ ಪಕ್ಕದ ಈ ಸಾಲುಕೋಣೆಗೆ. ಇಲ್ಲಿಂದ ಹೊರಟವಳು ಆಫೀಸಿಗೂ ಹೋಗಲಿಲ್ಲ, ಮನೆಗೂ ಹೋಗಲಿಲ್ಲ.

ಕೋಣೆ ಎಂದರೆ ಹತ್ತಡಿಗೆ ಹತ್ತಡಿ, ಮೇಲೆ ಶೀಟು. ಏಪ್ರಿಲ್ ಕೊನೆಯ ಬಿಸಿಲಿಗೆ ಅದು ಒಂಬತ್ತು ಗಂಟೆಗೇ ಹೆಂಚಿನಂತೆ ಕಾದಿತ್ತು. ಜಟ್ಟೆಮ್ಮನ ಗಂಡ ಬಸು ಹಳಿಗಳ ಮೇಲೆ ಕಟ್ಟುತ್ತಿದ್ದ ತೂಗುಸೇತುವೆಗೆ ಕಂಬಿ ಕಟ್ಟಲು ಬೆಳಿಗ್ಗೆಯೇ ಹೋಗಿದ್ದ. ಕಾಯಿಲೆ ಬರುವವರೆಗೆ ಅವಳೂ ಅಲ್ಲೇ ಜಲ್ಲಿ ಹೊರುತ್ತಿದ್ದಳು.

ಗೋಡೆಯ ಮೊಳೆಗೆ ಔಷಧಿ ನುಂಗಿದ ದಿನಗಳ ಒಂದು ಹಳದಿ ಕಾರ್ಡು ನೇತು ಹಾಕಿತ್ತು. ಸೋಮವಾರ, ಬುಧವಾರ, ಶುಕ್ರವಾರ, ವಾರಕ್ಕೆ ಮೂರು ಗುರುತು. ಡಿಸೆಂಬರಿನಿಂದ ಒಂದೂ ತಪ್ಪಿಲ್ಲ. ಕಳೆದ ಶುಕ್ರವಾರದ ಮನೆ ಮಾತ್ರ ಖಾಲಿ, ನಿನ್ನೆ ಸೋಮವಾರದ್ದೂ ಖಾಲಿ.

ರಾಜೇಶ್ವರಿಗೆ ಆಗ ಅರ್ಥವಾಯಿತು. ಇವಳಿಗೆ ಇರುವುದು ತನ್ನನ್ನು ಕಂಡ ಭಯವಲ್ಲ, ಆ ಎರಡು ಖಾಲಿ ಮನೆಗಳ ಭಯ.

ಅವಳು ನೆಲದ ಮೇಲೆ ಕೂತು ಕೈ ಚಾಚಿದಳು. ಎಂಟು ತಿಂಗಳ ಕೂಸು, ಹೆಸರು ಭಾಗಮ್ಮ, ಹೊಸ ಮುಖವನ್ನು ಒಂದು ಗಳಿಗೆ ಪರೀಕ್ಷಿಸಿ ನೋಡಿ ಬಂದೇಬಿಟ್ಟಿತು. ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ ಎದ್ದಿತ್ತು. ರಾಜೇಶ್ವರಿ ಸೆರಗಿನ ತುದಿ ಒದ್ದೆ ಮಾಡಿ ಮೆಲ್ಲಗೆ ಒರೆಸಿದಳು. ತಾಯಿಯ ಹೆಸರನ್ನು ಔಷಧಿಯ ಪಟ್ಟಿಯಿಂದ ಹೊಡೆದುಹಾಕಲು ತಾನು ಬಂದಿಲ್ಲ, ತಪ್ಪಿದ ದಿನಕ್ಕೆ ಬೈಯಲೂ ಬಂದಿಲ್ಲ ಎಂದು ಕೂಸಿಗೆ ಹೇಳುವಂತೆ ಹೇಳಿದಳು. ಚಿಂಚೋಳಿಯಲ್ಲಿ ಭೀಮಬಾಯಿಯ ತಾಯಿ ನಾಲ್ಕು ದಿನದಿಂದ ಒಲೆ ಹಚ್ಚಿಲ್ಲ ಎಂದೂ ಹೇಳಿದಳು.

ಜಟ್ಟೆಮ್ಮ ತಲೆ ಎತ್ತಿದಳು.

“ಅಕ್ಕಾರು ನಮ್ಮ ಕಡ್ಯಾವ್ರು. ಅವ್ರಿಗೇನಾಗ್ಯಾದ್ರಿ?”

“ಅದನ್ನ ತಿಳ್ಕೊಳ್ಳೋಕೇ ಬಂದಿದ್ದೀನಿ. ಶುಕ್ರವಾರ ಏನಾಯ್ತು?”

“ಬಂದವ್ರೇ ಈ ಹಗ್ಗ ನೋಡಿದ್ರು. ಆಮ್ಯಾಲ ಬಚ್ಚಲ ನೋಡಿದ್ರು. ಜಟ್ಟೆಮ್ಮ, ನಿನಗ ನೀರ್ ಯಾವ ಬಣ್ಣ ಬರ್ತದ ಅಂತ ಕೇಳಿದ್ರು.”

ಅವಳು ನಾಚಿಕೆಯಿಂದ ನಿಲ್ಲಿಸಿದಳು. ಆಮೇಲೆ ನೆಲ ನೋಡುತ್ತಾ ಹೇಳಿದಳು.

“ಮೊದಲ ಕುಂಕುಮದ ನೀರಿನಂಗ ಬರ್ತಿತ್ತು. ಬೆವರೂ ಹಂಗೇ, ಕಣ್ಣೀರೂ ಹಂಗೇ. ಮಾರಿ ಒರಸಿದ ಟವೆಲ್ ನೋಡಿ ನಮ್ಮವ್ರು, ದಿನಾ ಹೋಳಿ ಆಡ್ತೀಯೇನ ಅಂತ ನಗ್ತಿದ್ರು. ಶಿವರಾತ್ರಿ ಮುಂದ್ ಬದಲಾತು. ಈಗ ಅರಿಶಿನದ ನೀರಿನಂಗ ಬರ್ತದ. ರೋಗ ಹೋಗ್ಲಿಕತ್ತದ, ಅದಕ್ಕ ಕೆಂಪು ನಿಂತದ ಅಂತ ಖುಷಿ ಆಗಿದ್ದೆ.”

ಹಾಲು ಉಕ್ಕುವ ಮೊದಲು ಪಾತ್ರೆ ಒಂದು ಕ್ಷಣ ಸುಮ್ಮನಾಗುತ್ತದಲ್ಲ, ಹಾಗೆ ರಾಜೇಶ್ವರಿಯ ಮನಸ್ಸು ಸುಮ್ಮನಾಯಿತು.

ಕ್ಷಯರೋಗಕ್ಕೆ ಕೊಡುವ ಕೆಂಪು ಕ್ಯಾಪ್ಸೂಲು ನುಂಗಿದವರಿಗೆ ಮೂತ್ರ, ಬೆವರು, ಕಣ್ಣೀರು ಎಲ್ಲ ಕೆಂಪಾಗುತ್ತವೆ, ಹೆದರಬೇಡಿ ಎಂದು ಮೊದಲ ದಿನವೇ ಹೇಳಿ ಕಳಿಸುತ್ತಾರೆ. ಆಫೀಸಿನ ಗೋಡೆಯ ಚಿತ್ರದಲ್ಲಿ ಅದನ್ನು ಅವಳೂ ಓದಿದ್ದಳು. ಕೆಂಪು ರೋಗದ್ದಲ್ಲ, ಔಷಧಿಯದು. ಔಷಧಿ ಇರುವವರೆಗೆ ಕೆಂಪು ಇರಲೇಬೇಕು.

ಕೆಂಪು ನಿಂತಿದೆ ಎಂದರೆ ಔಷಧಿಯೂ ನಿಂತಿದೆ. ಈ ಹುಡುಗಿ ಮಾತ್ರ ಎರಡು ತಿಂಗಳಿಂದ ಒಂದು ದಿನವೂ ತಪ್ಪದೆ ನುಂಗುತ್ತಲೇ ಇದ್ದಾಳೆ.

“ಭೀಮಬಾಯಿ ಆಮೇಲೆ ಏನಂದ್ರು?”

ಇನ್ನು ಇದನ್ನು ನುಂಗಬೇಡ, ಯಾರಿಗೂ ತೋರಿಸಬೇಡ, ನಾನು ಬೇರೆ ತರುತ್ತೇನೆ ಎಂದು ಹೇಳಿ ಹೋದಳಂತೆ. ಹೋಗುವಾಗ ಕೂಸಿನ ತಲೆ ಸವರಿದಳಂತೆ. ಅಷ್ಟೇ.

ಜಟ್ಟೆಮ್ಮ ಎದ್ದು ಒಲೆಯ ಹಿಂದಿನ ಜೋಳದ ಡಬ್ಬಿ ತಂದಳು. ಜೋಳದೊಳಗೆ ಮೊಣಕೈವರೆಗೆ ಕೈ ಇಳಿಸಿ ನಾಲ್ಕು ಕಾಗದದ ಪೊಟ್ಟಣ ತೆಗೆದಳು. ಬಿಳಿ ಕಾಗದ, ಉದ್ದನೆಯ ಚಪ್ಪಟೆ ಪೊಟ್ಟಣ, ಪ್ರತಿಯೊಂದರ ಮೂಲೆಯಲ್ಲಿ ನೀಲಿ ಶಾಯಿಯಿಂದ ಒಂದೇ ಒಂದು ಅಕ್ಷರ. ಉ.

ಆ ಅಕ್ಷರ ಯಾರದೆಂದು ರಾಜೇಶ್ವರಿಗೆ ಗೊತ್ತಿತ್ತು.

ಭೀಮಬಾಯಿ ಕೆಲಸ ಮಾಡುತ್ತಿದ್ದ ‘ಸಮ ಉಸಿರು’ ಹನ್ನೊಂದು ದೇಶಗಳಲ್ಲಿ ಬಡವರ ಎದೆರೋಗಕ್ಕೆ ಔಷಧಿ ಕೊಡುವ ಸಂಸ್ಥೆ. ಹಣವಿದ್ದವನ ಉಸಿರೂ ಇಲ್ಲದವನ ಉಸಿರೂ ಒಂದೇ ಎನ್ನುವುದು ಅದರ ಮಾತು. ಇಂದಿರಾನಗರದ ಆಫೀಸನ್ನು ನಡೆಸುವವರು ಮೂವರು. ನಿರ್ದೇಶಕ ಡಾಕ್ಟರ್ ಮಧುಕರ್, ಕಾರ್ಯಕ್ರಮಗಳ ಮುಖ್ಯಸ್ಥೆ ಉಮ್ಮೆ ಕುಲ್ಸುಂ, ಔಷಧಿ ಉಗ್ರಾಣ ಮತ್ತು ವಾಹನ ನೋಡಿಕೊಳ್ಳುವ ಲಕ್ಷ್ಮಿಕಾಂತ. ಅಲ್ಲಿ ಎಲ್ಲರೂ ಅವರನ್ನು ಲೀಡರ್‌ಶಿಪ್ ಟೀಮ್ ಎನ್ನುತ್ತಾರೆ.

ಮೇಲೆ ಕೂತವರ ಕೈ ಔಷಧಿಯನ್ನು ಮರೆಯಬಾರದು ಎಂದು ಸಂಸ್ಥೆಯಲ್ಲಿ ಒಂದು ನಿಯಮವಿತ್ತು. ಟೀಮಿನ ಒಬ್ಬೊಬ್ಬರಿಗೂ ಒಬ್ಬೊಬ್ಬ ರೋಗಿ. ತಿಂಗಳ ಮೊದಲ ಶನಿವಾರ ಮೂವರೂ ಉದ್ದನೆಯ ಮೇಜಿನ ಸುತ್ತ ಕೂತು, ತಮ್ಮ ರೋಗಿಯ ಹನ್ನೆರಡು ಪೊಟ್ಟಣಗಳನ್ನು ತಮ್ಮ ಕೈಯಿಂದಲೇ ಕಟ್ಟಬೇಕು, ಮೂಲೆಯಲ್ಲಿ ತಮ್ಮ ಅಕ್ಷರ ಬರೆಯಬೇಕು. ನರ್ಸು ಮನೆಗೆ ಹೋಗಿ ಕಣ್ಣೆದುರೇ ನುಂಗಿಸಬೇಕು. ಕೆಲಸ ಒಪ್ಪಿಕೊಂಡ ಶನಿವಾರ ಇದನ್ನು ಕೇಳಿದಾಗ ಬಂದವರಿಗೆ ತೋರಿಸಲು ಮಾಡುವ ನಾಟಕ ಎಂದುಕೊಂಡಿದ್ದಳು ರಾಜೇಶ್ವರಿ.

ಜಟ್ಟೆಮ್ಮ ಉಮ್ಮೆ ಕುಲ್ಸುಂ ಅವರ ಪಾಲಿನ ರೋಗಿ.

ರಾಜೇಶ್ವರಿ ಒಂದು ಪೊಟ್ಟಣ ಬಿಚ್ಚಿದಳು. ಎರಡು ಬಿಳಿ ಮಾತ್ರೆ, ಒಂದು ಕೆಂಪು ಕ್ಯಾಪ್ಸೂಲು. ಕ್ಯಾಪ್ಸೂಲನ್ನು ಎರಡೂ ಕಡೆ ಹಿಡಿದು ಎಳೆದಳು. ಒಳಗಿನ ಪುಡಿ ಇಟ್ಟಿಗೆ ಬಣ್ಣದ್ದಾಗಿರಬೇಕಿತ್ತು. ಅಂಗೈ ಮೇಲೆ ಬಿದ್ದದ್ದು ಹಳದಿ.

ಮೂಗಿನ ಹತ್ತಿರ ಹಿಡಿಯಬೇಕಾಗಲೇ ಇಲ್ಲ. ಆ ವಾಸನೆ ಹೆತ್ತವರಿಗೆಲ್ಲ ಗೊತ್ತು. ಬಾಣಂತನದಲ್ಲಿ ಊಟವಾದ ಮೇಲೆ ದಿನಾ ನುಂಗಿಸುವ ಶಕ್ತಿಯ ಕ್ಯಾಪ್ಸೂಲು, ತೇಗಿದರೆ ಸಂಜೆವರೆಗೂ ಬರುವ ವಾಸನೆ. ಬಿ ವಿಟಮಿನ್.

“ಏನಾತ್ರಿ?” ಎಂದಳು ಜಟ್ಟೆಮ್ಮ.

ರಾಜೇಶ್ವರಿ ಅಂಗೈ ಮುಚ್ಚಿದಳು. ಇವಳು ಗುಣವಾಗಲು ಇನ್ನು ಆರು ವಾರ ಬಾಕಿ ಎಂದು ಕಾರ್ಡು ಹೇಳುತ್ತಿತ್ತು. ಅರ್ಧಕ್ಕೆ ಬಿಟ್ಟ ಈ ರೋಗ ಹಟ ಹಿಡಿದು ಮರಳುತ್ತದೆ, ಆಮೇಲೆ ಮೊದಲಿನ ಔಷಧಿಗೆ ಬಗ್ಗದೆಯೂ ಹೋಗಬಹುದು. ಮರಳಿದೆ ಎಂದು ಆ ಕೆಮ್ಮೇ ಹೇಳುತ್ತಿದೆ. ಇನ್ನೊಂದು ವಾರ ಹೀಗೇ ಕಳೆದರೆ ಈ ತಾಯಿ ಉಳಿಯುವುದು ಕಷ್ಟ. ಇವಳ ಎದೆಗೆ ಅಂಟಿಕೊಂಡಿರುವ ಕೂಸಿನ ಗತಿಯೇನು?

“ಏನಿಲ್ಲ. ಈ ಮಾತ್ರೆ ಸರಿ ಇಲ್ಲ. ನೀನು ಇವತ್ತೇ ಆಸ್ಪತ್ರೆಗೆ ಹೋಗ್ಬೇಕು.”

ಸಾಲುಕೋಣೆಗಳ ಒಡತಿ ಪಿಳ್ಳಮ್ಮನಿಗೆ ಬೀದಿಗೆ ಮುಖ ಮಾಡಿದ ಒಂದು ಚಿಲ್ಲರೆ ಅಂಗಡಿ, ಅಂಗಡಿಯಲ್ಲಿ ಒಂದು ರೂಪಾಯಿ ಹಾಕುವ ಫೋನು. ರಾಜೇಶ್ವರಿ ಇಂದಿರಾನಗರದ ಆಫೀಸಿಗೆ ಫೋನು ಮಾಡಿ ಕುಲ್ಸುಂ ಅವರನ್ನು ಕೇಳಲಿಲ್ಲ. ಡಾಕ್ಟರ್ ಮಧುಕರ್ ಅವರನ್ನು ಕೇಳಿದಳು.

ಅವರು ಎಲ್ಲವನ್ನೂ ಮಧ್ಯೆ ಮಾತಾಡದೆ ಕೇಳಿಸಿಕೊಂಡರು. ನಂತರ ಒಂದು ದೊಡ್ಡ ಉಸಿರು ಬಿಟ್ಟ ಸದ್ದು. ಅವಳಿಗೆ ಆ ಮನುಷ್ಯನ ಮೇಲೆ ಮರುಕವೇ ಆಯಿತು. ಗುರುವಾರ ಹನ್ನೊಂದು ದೇಶಗಳ ಪ್ರತಿನಿಧಿಗಳು ಬರುವವರಿದ್ದರು.

“ಆ ಪೊಟ್ಟಣ ಎಲ್ಲಾ ಎಲ್ಲಿದೆ ಈಗ?” ಎಂದರು ಮಧುಕರ್.

ಒಂದು ತನ್ನ ಬಳಿ, ಮೂರು ಜೋಳದ ಡಬ್ಬಿಯಲ್ಲಿ ಎಂದಳು.

“ಸರಿ. ನಾನೇ ಬಂದು ಅವಳನ್ನ ಎದೆ ಆಸ್ಪತ್ರೆಗೆ ಸೇರಿಸ್ತೀನಿ. ಕುಲ್ಸುಂ ಹತ್ರ ನೀವು ಮಾತಾಡಿ, ಆದ್ರೆ ಮೆತ್ತಗೆ. ಇಪ್ಪತ್ತು ವರ್ಷದ ಸ್ನೇಹ ರೀ ನಮ್ದು.”

ರಾಜೇಶ್ವರಿ ಕೋಣೆಗೆ ಮರಳಿ ಡಾಕ್ಟರು ಬರುತ್ತಾರೆ, ಅವರ ಜೊತೆ ಹೋಗು ಎಂದಳು. ಕೂಸನ್ನೂ ಕರೆದುಕೊಂಡು ಹೋಗು, ಅದನ್ನೂ ಪರೀಕ್ಷೆ ಮಾಡಬೇಕು ಎಂದಳು. ಅದನ್ನು ಬಿಟ್ಟು ಹೋಗುವ ಮಾತೇ ಇಲ್ಲ ಎಂದಳು ಜಟ್ಟೆಮ್ಮ. ಇದು ಮೇಲುಹಾಲು ಮುಟ್ಟುವುದಿಲ್ಲ, ಲೋಟ ತೋರಿಸಿದರೆ ಬಾಯಿ ಬಿಗಿಹಿಡಿಯುತ್ತದೆ. ಅಂಗಡಿಯಿಂದ ಇಣುಕಿದ ಪಿಳ್ಳಮ್ಮ, ಮೊಲೆಹಾಲಿನ ರುಚಿ ಕಂಡ ಮಹಾರಾಣಿ ಅದು ಎಂದು ಕೂಸನ್ನು ಕೆಣಕಿದಳು. ಜಟ್ಟೆಮ್ಮ ನಾಲ್ಕು ದಿನಗಳಲ್ಲಿ ಮೊದಲ ಸಲ ನಕ್ಕಳು.

ಆ ನಗು ಟಿನ್ ಫ್ಯಾಕ್ಟರಿ ದಾಟುವವರೆಗೂ ಬಸ್ಸಿನಲ್ಲಿ ರಾಜೇಶ್ವರಿಯ ಜೊತೆಗಿತ್ತು.

*

‘ಸಮ ಉಸಿರು’ ಆಫೀಸಿನ ಮುಂದೆ ಶಾಮಿಯಾನದವರು ಬೊಂಬು ಇಳಿಸುತ್ತಿದ್ದರು. ಲಕ್ಷ್ಮಿಕಾಂತ ಏಣಿಯ ಕೆಳಗೆ ನಿಂತು, ಬ್ಯಾನರಿನ ಎಡಗಡೆ ಇಳಿಸಿ, ಬಲಗಡೆ ಏರಿಸಿ ಎನ್ನುತ್ತಿದ್ದರು. ಬ್ಯಾನರಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೇ ಮಾತು ಬರೆದಿತ್ತು. ಒಂದು ದಿನವೂ ತಪ್ಪಲಿಲ್ಲ.

ಹನ್ನೊಂದು ದೇಶಗಳಲ್ಲಿ ಒಬ್ಬ ರೋಗಿಗೂ ಒಂದು ದಿನವೂ ಔಷಧಿ ತಪ್ಪದ ಊರು ಬೆಂಗಳೂರು ಒಂದೇ. ಗುರುವಾರದ ಸಮಾರಂಭ ಅದಕ್ಕಾಗಿಯೇ.

ಗೇಟಿನ ಪಕ್ಕ ಡ್ರೈವರ್ ಚಲುವಯ್ಯ ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ರಾಜೇಶ್ವರಿ ಅವನನ್ನು ದಾಟಿ ಒಳಗೆ ಹೋದಳು. ಜೀಪು ಇಲ್ಲ, ಡ್ರೈವರ್ ಇದ್ದಾನೆ ಎಂಬುದು ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ.

ಉಮ್ಮೆ ಕುಲ್ಸುಂ ಐವತ್ತು ದಾಟಿದ ಹೆಂಗಸು. ಶಿವಾಜಿನಗರದಲ್ಲೇ ಹುಟ್ಟಿ ಬೆಳೆದವರು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಭೀಮಬಾಯಿಯನ್ನು ಹುಡುಕಿಸಲೇಬೇಕೆಂದು ಮೊದಲು ಹಟ ಹಿಡಿದವರೂ ಇವರೇ. ಪೊಲೀಸರು ಬೇಡ, ಗುಟ್ಟಾಗಿ ಹುಡುಕಿಸೋಣ ಎಂದು ಮಧುಕರ್ ಹೇಳಿದ ಮೇಲೆ ರಾಜೇಶ್ವರಿಯನ್ನು ಕರೆಸಿದ್ದು. ಹುಡುಕಿಸು ಎಂದು ಕೂಗುವ ಕಳ್ಳರನ್ನೂ ರಾಜೇಶ್ವರಿ ಕಂಡಿದ್ದಳು.

“ಏನ್ ರಾಜೇಶ್ವರಿ, ಮುಖ ನೋಡಿದ್ರೆ ಸಮನ್ಸ್ ತಂದಂಗಿದೆ,” ಎಂದರು ಕುಲ್ಸುಂ.

ಅವಳು ಬಾಗಿಲು ಹಾಕಿದಳು. ಹಳೆಯ ಮಡಿಕೆಯಲ್ಲೇ ಮತ್ತೆ ಮುಚ್ಚಿ ತಂದಿದ್ದ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟಳು. ಪಕ್ಕದಲ್ಲಿ ಬಿಚ್ಚಿದ ಕ್ಯಾಪ್ಸೂಲಿನ ಹಳದಿ ಪುಡಿಯನ್ನು ಕಾಗದದ ಮೇಲೆ ಸುರಿದಳು. ಜಟ್ಟೆಮ್ಮ ಹೇಳಿದ ಕುಂಕುಮದ ನೀರು, ಅರಿಶಿನದ ನೀರಿನ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು.

ಕುಲ್ಸುಂ ಕನ್ನಡಕ ಏರಿಸಿದರು. ಪುಡಿಯನ್ನು ನೋಡುತ್ತಾ ಹೋದಂತೆ ಅವರ ಮುಖದ ಬಣ್ಣ ಇಳಿಯಿತು.

“ಎಷ್ಟು ದಿನದಿಂದ?”

“ಅದನ್ನ ನೀವು ಹೇಳ್ಬೇಕು. ನಿಮ್ಮ ರೋಗಿ. ನಿಮ್ಮ ಅಕ್ಷರ.”

“ನನ್ನ ಅಕ್ಷರ, ಸರಿ. ಪೊಟ್ಟಣ ನಂದಲ್ಲ.”

ಎಲ್ಲರೂ ಹೀಗೇ ಶುರು ಮಾಡುತ್ತಾರೆ ಎಂದುಕೊಂಡಳು ರಾಜೇಶ್ವರಿ. ಅಕ್ಷರ ನನ್ನದು, ಕೈ ನನ್ನದಲ್ಲ. ಚಾಕು ನನ್ನದು, ಏಟು ನನ್ನದಲ್ಲ. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟಳು. ತಾಯಿ ಒಬ್ಬಳು ಶೀಟಿನ ಕೆಳಗೆ ಎಲುಬು ಬಿಟ್ಟುಕೊಂಡು ಕೂತಿದ್ದಾಳೆ, ಇಲ್ಲಿ ಹೊರಗೆ ಬ್ಯಾನರು ಏರುತ್ತಿದೆ ಎಂದಳು. ಮೆತ್ತಗೆ ಮಾತಾಡಿ ಎಂದಿದ್ದ ಮಧುಕರ್ ಅವರ ಮಾತು ಅವಳಿಗೆ ಮರೆತೇ ಹೋಗಿತ್ತು.

ಕುಲ್ಸುಂ ಮೇಜಿನಿಂದ ಒಂದು ಬಿಳಿ ಹಾಳೆ ತೆಗೆದು ಹರಿದರು. ಪೆನ್ನಿನ ಮುಚ್ಚಳವನ್ನು ನಡುವೆ ಇಟ್ಟು, ನೋಡದೆಯೇ, ಮೂರು ಮಡಿಕೆಗೆ ಪೊಟ್ಟಣ ಕಟ್ಟಿ ಅವಳ ಕಡೆ ತಳ್ಳಿದರು. ಸಮೋಸದಂತೆ ಮೂರು ಮೂಲೆಯ ಪೊಟ್ಟಣ.

“ನಮ್ಮ ದಾದಾಗೆ, ನಮ್ಮ ತಾತಂಗೆ, ರಸೆಲ್ ಮಾರ್ಕೆಟ್ ಹಿಂದೆ ಕಣ್ಣಿಗೆ ಹಚ್ಚೋ ಸುರ್ಮಾ ಪುಡಿ ಅಂಗಡಿ. ಐದು ವರ್ಷ ಆದಾಗ್ಲಿಂದ ಕಟ್ಟಿದ್ದೀನಿ. ಉಪ್ಪು ಕಟ್ಟಿದ್ರೂ ನನ್ನ ಕೈ ಹೀಗೇ ಹೋಗುತ್ತೆ. ಬೇರೆ ಥರ ಬರೋದೇ ಇಲ್ಲ.”

ರಾಜೇಶ್ವರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಜಟ್ಟೆಮ್ಮನ ಪೊಟ್ಟಣ ಉದ್ದ, ಚಪ್ಪಟೆ. ಒಂದು ತುದಿ ಇನ್ನೊಂದು ತುದಿಯೊಳಗೆ ಸೇರಿಕೊಂಡಿತ್ತು. ಅಂಟಿಲ್ಲ, ಪಿನ್ನಿಲ್ಲ.

ಕೈಬರಹವನ್ನು ಬದಲಿಸಬಹುದು. ಚಿಕ್ಕಂದಿನಲ್ಲಿ ಕಲಿತ ಮಡಿಕೆಯನ್ನು ಬದಲಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಸೀರೆ ಮಡಿಸುವುದರಲ್ಲಿ ಇದು ಯಾವ ತಾಯಿಯ ಮಗಳು ಎಂದು ತಿಳಿಯುತ್ತದೆ.

“ಹಾಗಾದ್ರೆ ನಿಮ್ಮ ಅಕ್ಷರ ಹೇಗೆ ಬಂತು?”

ಕುಲ್ಸುಂ ವಿವರಿಸಿದರು. ಮೊದಲ ಶನಿವಾರ ಯಾರಾದರೂ ಊರಲ್ಲಿ ಇಲ್ಲದಿದ್ದರೆ ಅವರ ರೋಗಿಯ ಪೊಟ್ಟಣವನ್ನು ಇನ್ನೊಬ್ಬರು ಕಟ್ಟಬೇಕು. ಅಕ್ಷರ ಮಾತ್ರ ಹಳೆಯದೇ ಬರೆಯಬೇಕು. ಓದು ಬಾರದವರು ಆ ಒಂದು ಅಕ್ಷರದ ಆಕಾರ ನೋಡಿ ಇದು ತನ್ನದು ಎಂದು ತಿಳಿಯುತ್ತಾರೆ, ಬದಲಾದರೆ ಗಾಬರಿಯಾಗುತ್ತಾರೆ. ಮಾರ್ಚಿನಲ್ಲಿ ಅವರು ಸಂಸ್ಥೆಯ ಸಭೆಗೆ ಜಿನೀವಾಕ್ಕೆ ಹೋಗಿದ್ದರು. ಏಪ್ರಿಲಿನಲ್ಲಿ ಮಗಳ ಬಾಣಂತನಕ್ಕೆ ತುಮಕೂರಿಗೆ.

“ಎರಡು ಸಲ. ಎರಡೂ ಸಲ ಇಲ್ಲಿ ಇದ್ದದ್ದು ಇಬ್ಬರೇ,” ಎಂದಳು ರಾಜೇಶ್ವರಿ.

ಹೊರಗೆ ಲಕ್ಷ್ಮಿಕಾಂತರ ದನಿ ಕೇಳುತ್ತಿತ್ತು. ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ ಎಂಬುದು ಅವಳಿಗೆ ನೆನಪಾಯಿತು. ಅವಳು ಬಾಗಿಲ ಕಡೆ ನೋಡಿದ್ದು ಕುಲ್ಸುಂಗೆ ಗೊತ್ತಾಯಿತು.

“ಅವನಲ್ಲ. ಅವನು ಸ್ಟೇಪ್ಲರ್ ಇಲ್ದೆ ಒಂದು ಕಾಗದ ಮುಟ್ಟೋನಲ್ಲ. ಪಿನ್ ಚುಚ್ಚಿ ಚುಚ್ಚಿ ನಮ್ಮ ನರ್ಸುಗಳ ಬೆರಳೆಲ್ಲ ಗಾಯ. ಭೀಮಬಾಯಿ ಅವನಿಗೆ ದರ್ಜಿ ಸಾಹೇಬ್ರೇ ಅಂತಾನೇ ಕರೀತಿದ್ಲು.”

ಉಳಿದದ್ದು ಒಂದೇ ಹೆಸರು. ಅದನ್ನು ಇಬ್ಬರೂ ಬಾಯಿಗೆ ತರಲಿಲ್ಲ.

ರಾಜೇಶ್ವರಿ ಆ ಚಪ್ಪಟೆ ಪೊಟ್ಟಣವನ್ನು ಮತ್ತೆ ಕೈಗೆತ್ತಿಕೊಂಡಳು. ಅದನ್ನು ಬೆಳಿಗ್ಗೆ ನೋಡಿದಾಗಿನಿಂದಲೂ ಒಳಗೆಲ್ಲೋ ಏನೋ ತಟ್ಟುತ್ತಿತ್ತು. ಈಗ ಅದು ಬಾಗಿಲು ತೆರೆದು ಬಂತು. ಹಲಸೂರು ಕೆರೆಯ ದಂಡೆಯ ಒಂದು ಕ್ಲಿನಿಕ್ಕು. ಅವಳಿಗೆ ಏಳು ವರ್ಷ, ಜ್ವರ. ಜಾಲರಿ ಕಿಟಕಿಯ ಹಿಂದೆ ದಪ್ಪ ಮೀಸೆಯ ಕಾಂಪೌಂಡರ್. ಬಿಳಿ ಕಲ್ಲಿನ ಮೇಲೆ ಪುಡಿ ಅರೆದು, ಕಾಗದದ ಸಾಲಿನಲ್ಲಿ ಹಂಚಿ, ಉದ್ದಕ್ಕೆ ಮಡಿಸಿ, ಒಂದು ತುದಿಯನ್ನು ಇನ್ನೊಂದರೊಳಗೆ ಸಿಕ್ಕಿಸುತ್ತಿದ್ದ. ಬೆಳಿಗ್ಗೆ ಒಂದು, ಸಂಜೆ ಒಂದು, ಅಮ್ಮನಿಗೆ ಕೊಡು ಮಗಳೇ ಎನ್ನುತ್ತಿದ್ದ.

“ವೆಂಕಟಸ್ವಾಮಿ,” ಎಂದಳು ಅವಳು. “ಕಾಂಪೌಂಡರ್ ವೆಂಕಟಸ್ವಾಮಿ ಕಟ್ತಿದ್ದ ಪೊಟ್ಟಣ ಇದು.”

ಕುಲ್ಸುಂ ಎದ್ದರು. ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದರು. ನಿರ್ದೇಶಕರ ಖಾಲಿ ಕುರ್ಚಿಯ ಹಿಂದೆ ಗೋಡೆಗೆ ಒಂದೇ ಒಂದು ಚಿತ್ರ. ಬಾಟಲಿಗಳ ಸಾಲಿನ ಮುಂದೆ ನಿಂತ, ದಪ್ಪ ಮೀಸೆಯ ಅದೇ ಮನುಷ್ಯ.

“ಮಧುಕರ್ ತಂದೆ,” ಎಂದರು ಕುಲ್ಸುಂ. “ಬಂದವರಿಗೆಲ್ಲ ತೋರಿಸ್ತಾನೆ. ಅಪ್ಪ ಕಲಿಸಿದ ಮಡಿಕೆ ಅಂತ ನಮಗೂ ಕಲಿಸೋಕೆ ನೋಡಿದ. ನಮ್ಮ ಕೈಗೆ ಬರ್ಲಿಲ್ಲ.”

ಅವರು ಆ ಕುರ್ಚಿಯ ಬೆನ್ನು ಹಿಡಿದು ನಿಂತರು. ನಂಬುವುದಿಲ್ಲ ಎಂಬಂತೆ ತಲೆಯಾಡಿಸುತ್ತಲೇ, ಕೇಳದಿದ್ದರೂ ಹೇಳುತ್ತಾ ಹೋದರು. ಫೆಬ್ರವರಿಯಲ್ಲಿ ಬರಬೇಕಿದ್ದ ಔಷಧಿ ಬಂದರಿನಲ್ಲೇ ಉಳಿದಿತ್ತು. ಕೆಲವರಿಗೆ ಸಾಲದೆ ಬರುತ್ತದೆ, ಒಂದೆರಡು ವಾರ ತಪ್ಪುತ್ತದೆ ಎಂದು ಸಂಸ್ಥೆಗೆ ಬರೆದು ಕಳಿಸೋಣ, ಬೇರೆ ದೇಶದವರೂ ಬರೆಯುತ್ತಾರೆ ಎಂದಿದ್ದರು ಕುಲ್ಸುಂ. ಮಧುಕರ್ ಒಪ್ಪಲಿಲ್ಲ. ಒಂದು ದಿನವೂ ತಪ್ಪಬಾರದು ಎಂದ. ನಾನು ನೋಡಿಕೊಳ್ಳುತ್ತೇನೆ ಎಂದ. ಹೇಗೆ ನೋಡಿಕೊಂಡ ಎಂದು ಯಾರೂ ಕೇಳಲಿಲ್ಲ. ಕಾರ್ಡಿನ ಮನೆಗಳೆಲ್ಲ ತುಂಬಿದ್ದವು.

ರಾಜೇಶ್ವರಿಗೆ ಅದು ಎಷ್ಟು ಸರಳವಾಗಿತ್ತೆಂದು ಕಂಡಿತು. ಮನುಷ್ಯ ದಿನವನ್ನು ಉಳಿಸಿಕೊಂಡಿದ್ದ, ಔಷಧಿಯನ್ನು ಬಿಟ್ಟಿದ್ದ. ಇದ್ದ ಔಷಧಿಯನ್ನು ಬೇರೆಯವರಿಗೆ ಹಂಚಿ, ಕೊರತೆ ಬಿದ್ದದ್ದಕ್ಕೆ ತಾನೇ ಕಟ್ಟುವ ಪೊಟ್ಟಣಗಳಲ್ಲಿ ವಿಟಮಿನ್ ತುಂಬಿದ್ದ.

“ಅವರು ಕಟ್ಟುತ್ತಿದ್ದದ್ದು ಜಟ್ಟೆಮ್ಮನದ್ದು ಮಾತ್ರ ಅಲ್ಲ. ಅವರ ಪಾಲಿನ ರೋಗಿ ಯಾರು?”

ಕುಲ್ಸುಂ ಬಾಯಿಗೆ ಕೈ ಒತ್ತಿಕೊಂಡರು.

“ಮುನಿರಾಜಪ್ಪ. ಮಹದೇವಪುರದವ್ನು.” ಅವರು ಕನ್ನಡಕ ತೆಗೆದರು. “ಯುಗಾದಿ ಮಾರನೇ ದಿನ ಮಣ್ಣು ಮಾಡಿದ್ವಿ. ಮಧುಕರ್ ಮಗು ಥರ ಅತ್ತ.”

ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಅವಳು ಪಿಳ್ಳಮ್ಮನ ಅಂಗಡಿಯಿಂದ ಫೋನು ಮಾಡಿದ್ದು ಹತ್ತಕ್ಕೆ. ಆ ಪೊಟ್ಟಣ ಎಲ್ಲಾ ಎಲ್ಲಿದೆ ಎಂದು ಅವರು ಕೇಳಿದ್ದು, ರೋಗಿ ಹೇಗಿದ್ದಾಳೆ ಎಂದು ಒಂದು ಮಾತೂ ಕೇಳದಿದ್ದದ್ದು ಈಗ ಒಂದರ ಹಿಂದೆ ಒಂದು ನೆನಪಾದವು. ಗೇಟಿನಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಚಲುವಯ್ಯನೂ ನೆನಪಾದ. ಡ್ರೈವರನ್ನು ಬಿಟ್ಟು ಜೀಪು ತೆಗೆದುಕೊಂಡು ಹೋಗುವ ಡಾಕ್ಟರು, ರೋಗಿಯನ್ನು ಆಸ್ಪತ್ರೆಗೆ ಸೇರಿಸಲು ಹೋದವರಲ್ಲ.

ದಾರಿ ಹೇಳಿದವಳು ತಾನೇ. ಡಬ್ಬಿ ಇರುವ ಜಾಗವನ್ನೂ ಹೇಳಿದ್ದಳು.

ಅವಳು ಮೇಜಿನ ಮೇಲಿನ ಫೋನು ಎತ್ತಿ ಎದೆ ಆಸ್ಪತ್ರೆಗೆ ತಿರುಗಿಸಿದಳು. ದಾಖಲೆಯ ಕೌಂಟರಿನ ಹೆಂಗಸು ಸಾವಧಾನವಾಗಿ ಪುಸ್ತಕ ನೋಡಿದಳು. ಜಟ್ಟೆಮ್ಮ ಎಂಬ ಹೆಸರಿನವರು ಇವತ್ತು ಬಂದಿಲ್ಲ. ಡಾಕ್ಟರ್ ಮಧುಕರ್ ಕೂಡ ಬಂದಿಲ್ಲ, ಬಂದಿದ್ದರೆ ನನಗೆ ಗೊತ್ತಾಗುತ್ತಿತ್ತು ಎಂದಳು.

ಆಮೇಲೆ ಪಿಳ್ಳಮ್ಮನ ಅಂಗಡಿಗೆ ತಿರುಗಿಸಿದಳು. ಬೆರಳು ಒಮ್ಮೆ ಜಾರಿ ಮತ್ತೆ ಮೊದಲಿನಿಂದ ತಿರುಗಿಸಬೇಕಾಯಿತು. ಕುಲ್ಸುಂ ಪಕ್ಕಕ್ಕೆ ಬಂದು ನಿಂತು ರಿಸೀವರಿಗೆ ಕಿವಿ ಹಚ್ಚಿದರು.

ಗಂಟೆ ಬಹಳ ಹೊತ್ತು ಹೊಡೆಯಿತು. ಎತ್ತಿದಾಗ ಮೊದಲು ಕೇಳಿದ್ದು ಮಾತಲ್ಲ, ಕೂಸಿನ ಅಳು. ಅತ್ತು ಅತ್ತು ದನಿ ಒಡೆದ ಅಳು.

“ಯಾರು?” ಎಂದಳು ಪಿಳ್ಳಮ್ಮ. “ಓ, ನೀವೇನಮ್ಮ. ನೀವ್ ಕಳಿಸಿದ್ ಡಾಕ್ಟ್ರು ಬಂದಿದ್ರು. ಅನ್ನೊಂದ್ ಗಂಟೆಗೇ ಕರ್ಕೊಂಡೋದ್ರು. ಜೋಳದ್ ಡಬ್ಬಾನೂ ಈಸ್ಕೊಂಡ್ರು.”

“ಕೂಸು?”

“ಬಿಸ್ಲು, ಕೂಸ್ ಬ್ಯಾಡ ಅಂತ ಅವ್ರೇ ನನ್ ಮಡ್ಲಿಗೆ ಆಕ್ಬುಟ್ರು. ಅವ್ಳು ಒಂದೇ ಸಮ ಅಳ್ತಾ, ಬಿಟ್ಟೋಗಲ್ಲ ಅಂತ ಕೂತ್ಬುಟ್ಲು.”

“ಮತ್ತೆ ಹೇಗೆ ಹೋದ್ಲು ಪಿಳ್ಳಮ್ಮ? ಯಾವ ಕಡೆ ಹೋದ್ರು?”

ಬೆಂಗಳೂರಿನ ಕಡೆಗಲ್ಲ ಎಂದಳು ಪಿಳ್ಳಮ್ಮ. ಜೀಪು ಹೊಸಕೋಟೆಯ ಕಡೆ ತಿರುಗಿತಂತೆ. ಆಸ್ಪತ್ರೆ ಅತ್ತ ಕಡೆ ಯಾವಾಗ ಕಟ್ಟಿದರೋ ಎಂದು ತಾನೂ ಅಂದುಕೊಂಡಳಂತೆ.

“ಅವಳನ್ನ ಹೇಗೆ ಒಪ್ಪಿಸಿದ್ರು?”

“ಡಾಕ್ಟ್ರು ಒಂದ್ ಮಾತೇಳಿದ್ರು. ಭೀಮಬಾಯಿ ಅಲ್ಲೇ ಅವ್ಳೆ, ನಿನ್ನೇ ಕೇಳ್ತಾವ್ಳೆ ಅಂತ. ಅಷ್ಟಂದಿದ್ದೇ ತಡ, ಕಣ್ಣೊರ್ಸ್ಕೊಂಡು ಜೀಪ್ ಏರ್ಬುಟ್ಲು.”

ರಿಸೀವರ್ ಹಿಡಿದ ಕೈಯ ಮೇಲೆ ಕುಲ್ಸುಂ ಅವರ ಬೆರಳುಗಳು ಬಿಗಿದುಕೊಂಡವು. ಆ ಕಡೆ ಪಿಳ್ಳಮ್ಮ ಕೂಸನ್ನು ಹೆಗಲು ಬದಲಿಸುವುದು, ಬೆನ್ನು ತಟ್ಟುವುದು ಕೇಳುತ್ತಿತ್ತು.

“ಅದಿರ್ಲಿ ಕಣಮ್ಮ,” ಎಂದಳು ಅವಳು. “ಇದು ಲೋಟದ್ ಹಾಲು ಮುಟ್ತಾ ಇಲ್ಲ. ಅವ್ಳು ಯಾವಾಗ ಬತ್ತಾಳೆ?”